ನಿನ್ನ ಹಿಂದೆ ಯಾರೂ ಮಾತಾಡುತ್ತಿರಲಿಲ್ಲ

ಹಾಸ್ಟೆಲಿನಿಂದ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಮೊದಲ ಸಾಲಿನಲ್ಲಿ ನಾನು ಕ್ಷೇಮ ಅಂತ ಬರೆಯಬೇಕು. ಐದನೇ ಕ್ಲಾಸಿನಲ್ಲಿ ಹಾಸ್ಟೆಲಿಗೆ ಸೇರಿದ ದಿನದಿಂದ ವಾರ್ಡನ್ ಮೇಡಂ ಕಲಿಸಿದ್ದು ಅದನ್ನೇ. ಒಂದು ಸಲ ಜ್ವರ ಬಂದು ಮಲಗಿದ್ದಾಗಲೂ ಮೊದಲು ಆ ಸಾಲು ಬರೆಸಿ ಆಮೇಲೆ ಮಾತ್ರೆ ಕೊಟ್ಟಿದ್ದರು. ಈ ಸಲ ಮಾತ್ರ ಅದನ್ನು ಬರೆಯಲು ಕೈ ಬರುತ್ತಿಲ್ಲ. ಕೊನೆಯಲ್ಲಿ ಒಂದು ಸಾಲಿನಷ್ಟು ಜಾಗ ಬಿಡುತ್ತೇನೆ. ಅಲ್ಲಿಗೆ ಬರುವಷ್ಟರಲ್ಲಿ ಧೈರ್ಯ ಬಂದರೆ ತುಂಬುತ್ತೇನೆ.

ಓದು ನಡೆಯುತ್ತಿದೆ. ಮ್ಯಾಥ್ಸ್ ಟೆಸ್ಟ್ ಪರವಾಗಿಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಈಗಲೂ ನಾಲಿಗೆ ಮಡಚಿಕೊಳ್ಳುತ್ತದೆ. ಅರ್ಧ ವಾಕ್ಯ ಇಂಗ್ಲಿಷಿನಲ್ಲಿ ಶುರುವಾಗಿ ಉಳಿದರ್ಧ ಕನ್ನಡದಲ್ಲಿ ಬಿದ್ದುಹೋಗುತ್ತದೆ. ನನ್ನ ರೂಮ್‌ಮೇಟನ್ನು ಎಲ್ಲರೂ ಗಡಿಯಾರ ಅಂತ ಕರೆಯುತ್ತಾರೆ. ಹಲ್ಲುಜ್ಜುವುದಕ್ಕೂ ಅಲಾರಂ ಇಟ್ಟುಕೊಳ್ಳುವ ಹುಡುಗಿ. "ನೀನು ನಿದ್ದೇಲಿ ಸಾರಿ ಸಾರಿ ಅಂತಿರ್ತೀಯ ಕಣೆ. ಯಾರ ಹತ್ರ ಏನು ತಪ್ಪು ಮಾಡಿದೀಯ ಅಂತ ಹೇಳ್ಬಿಡು, ನಂಗೂ ನಿದ್ದೆ ಬರತ್ತೆ" ಅಂತ ಬೆಳಿಗ್ಗೆ ಬೈದಳು.

ಇದೆಲ್ಲ ಬರೆದು ಕಾಲ ತಳ್ಳುತ್ತಿದ್ದೇನೆ ಅಂತ ನಿನಗೆ ಗೊತ್ತಾಗಿರುತ್ತದೆ. ಸರಿ, ವಿಷಯಕ್ಕೆ ಬರುತ್ತೇನೆ. ಭಾನುವಾರ ಫೋನ್ ಮಾಡಿದ್ದೆನಲ್ಲ, ಅವತ್ತಿಂದ ನನಗೆ ಭಯ ಹಿಡಿದಿದೆ.

ನಮ್ಮ ಮನೆ ಫೋನಿನ ಕಥೆ ಹೇಳಿದರೆ ಇಲ್ಲಿ ಯಾರೂ ನಂಬುವುದಿಲ್ಲ. ನಿನ್ನ ರೇಡಿಯೋ ಸ್ಟೇಷನ್ನಿನ ಕ್ವಾರ್ಟರ್ಸ್ ಇರುವುದು ಟ್ರಾನ್ಸ್‌ಮಿಟರಿನ ಟವರ್ ಬುಡದಲ್ಲಿ, ಹಾಗಾಗಿ ರೇಡಿಯೋ ನಮ್ಮ ಫೋನಿನ ತಂತಿಯೊಳಗೂ ನುಗ್ಗುತ್ತದೆ, ನೀನು ಏನು ಮಾತಾಡಿದರೂ ನಿನ್ನ ಹಿಂದೆ ಯಾರಾದರೊಬ್ಬರು ಸಣ್ಣ ದನಿಯಲ್ಲಿ ಹಾಡುತ್ತಲೋ ವಾರ್ತೆ ಓದುತ್ತಲೋ ಇರುತ್ತಾರೆ ಅಂದರೆ, ಗಡಿಯಾರ ನನ್ನ ಹಣೆ ಮುಟ್ಟಿ ನೋಡಿದಳು. ಹತ್ತನೇ ಕ್ಲಾಸು ಪಾಸಾದೆ ಅಂತ ನಿನಗೆ ಹೇಳಿದ ದಿನ ನಿನ್ನ ಹಿಂದೆ ಒಬ್ಬರು ಟೊಮೆಟೊ ಗಿಡಕ್ಕೆ ಎಷ್ಟು ಗೊಬ್ಬರ ಹಾಕಬೇಕು ಅಂತ ವಿವರಿಸುತ್ತಿದ್ದರು. ನೀನು ಅಳುತ್ತಿದ್ದೆ, ನಾನು ಅಳುತ್ತಿದ್ದೆ, ಅವರು ಗೊಬ್ಬರ ಹಾಕುತ್ತಲೇ ಇದ್ದರು. ಅದಕ್ಕೇ ಅಲ್ಲವೇ ನಾವು ಪತ್ರ ಬರೆಯುವುದು ಕಲಿತದ್ದು. ಮುಖ್ಯವಾದ ಮಾತಿನ ಮಧ್ಯೆ ಮೂರನೆಯವರು ಬರಬಾರದು ಅಂತ.

ಭಾನುವಾರ ನಿನ್ನ ಹಿಂದೆ ಯಾರೂ ಮಾತಾಡುತ್ತಿರಲಿಲ್ಲ.

ನಿನ್ನ ಉಸಿರು ಕೇಳಿಸಿತು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಇಷ್ಟು ವರ್ಷದಲ್ಲಿ ಆ ನಲ್ಲಿಯ ಸದ್ದನ್ನು ನಾನು ಫೋನಿನಲ್ಲಿ ಕೇಳಿಯೇ ಇರಲಿಲ್ಲ. "ಸ್ಟೇಷನ್ ಹೇಗಿದೆ?" ಅಂದೆ. "ಎಲ್ಲ ಎಂದಿನ ಹಾಗೇ ನಡೀತಿದೆ, ಈಗ ಡ್ಯೂಟಿಗೆ ಹೊರಟೆ" ಅಂದೆ ನೀನು. ನಾನು ಹೂಂ ಅಂದೆ. ಅಮ್ಮ, ನೀನು ನನಗೆ ಸುಳ್ಳು ಹೇಳಿದ್ದು ಅದೇ ಮೊದಲು ಅಂತ ಕಾಣುತ್ತದೆ. ಸುಳ್ಳು ಅಂತ ನನಗೆ ಗೊತ್ತಾಯಿತು ಅನ್ನುವುದು ನಿನಗೆ ಗೊತ್ತಾಯಿತೋ ಇಲ್ಲವೋ ತಿಳಿಯಲಿಲ್ಲ.

ಫೋನಿಟ್ಟವಳೇ ಟ್ರಾನ್ಸಿಸ್ಟರ್ ಹಾಕಿದೆ. ಅಪ್ಪ ಕೊಡಿಸಿದ್ದೇ, ಹಿಡಿಕೆ ಮುರಿದ ಮೇಲೆ ಬೋಟಿನ ಹಗ್ಗ ಕಟ್ಟಿಕೊಟ್ಟಿದ್ದರಲ್ಲ, ಅದು. ನಮ್ಮ ಸ್ಟೇಷನ್ನಿಗೆ ಮುಳ್ಳು ತಿರುಗಿಸುವುದೇ ಬೇಡ, ಅದು ಅಲ್ಲೇ ಇರುತ್ತದೆ. ಶೋ ಅಂತ ಬರೀ ಗಾಳಿಯ ಸದ್ದು. ಕಿವಿಗೆ ಒತ್ತಿ ಹಿಡಿದೆ. ಶೋ.

ಈ ಸದ್ದು ನನಗೆ ಹೊಸದಲ್ಲ. ಸ್ಕೂಲ್ ಹಾಸ್ಟೆಲಿನಲ್ಲಿ ಪ್ರತಿದಿನ ಬೆಳಗಾಗುವಾಗ ದಿಂಬಿನಡಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಇದನ್ನೇ ಕೇಳುತ್ತಾ ಕಾಯುತ್ತಿದ್ದೆ. ಶೋ ಅನ್ನುತ್ತಿದ್ದದ್ದು ಒಮ್ಮೆಲೇ ಗಪ್ ಅಂತ ನಿಲ್ಲುತ್ತಿತ್ತು. ಹಾಡು ಶುರುವಾಗಿರುತ್ತಿರಲಿಲ್ಲ, ಮಾತೂ ಇಲ್ಲ, ಬರೀ ನಿಶ್ಶಬ್ದ. ಯಾರೋ ಟ್ರಾನ್ಸ್‌ಮಿಟರ್ ಆನ್ ಮಾಡಿದ್ದಾರೆ ಅಂತ ಅದರ ಅರ್ಥ. ಆಮೇಲೆ ಕೂ ಅಂತ ಪರೀಕ್ಷೆಯ ಟೋನ್ ಬರುತ್ತಿತ್ತು. ಬೇರೆಯವರ ಡ್ಯೂಟಿಯಲ್ಲಿ ಒಂದೇ ಉದ್ದನೆಯ ಕೂ. ನೀನಿದ್ದ ದಿನ ಅದನ್ನು ಮುರಿದು ಎರಡು ಮಾಡುತ್ತಿದ್ದೆ. ಕೂ, ಕೂ. ಸಾಹೇಬರು ಕೇಳಿದಾಗ "ಸ್ವಿಚ್ ಸ್ವಲ್ಪ ಲೂಸ್ ಇದೆ ಸರ್" ಅಂದಿದ್ದೆಯಂತೆ. ಅಕ್ಕಪಕ್ಕದ ಮಂಚದ ಹುಡುಗಿಯರು ಅಮ್ಮನ ನೆನಪಾಗಿ ಮುಸುಕೊಳಗೆ ಅಳುತ್ತಿದ್ದರು. ನಾನು ಆ ಎರಡು ಕೂ ಕೇಳಿ, ಅಮ್ಮ ಎದ್ದಿದ್ದಾಳೆ, ಇನ್ನೇನು, ಅಂತ ಹೊದಿಕೆ ಎಳೆದುಕೊಂಡು ಮತ್ತೆ ನಿದ್ದೆ ಹೋಗುತ್ತಿದ್ದೆ.

ಭಾನುವಾರವೆಲ್ಲ ನಿನಗೆ ಏನೇನೋ ಆಗಿದೆ ಅಂತ ಕಲ್ಪಿಸಿಕೊಂಡೆ. ಶಾಕ್ ಹೊಡೆದಿದೆ, ಸಸ್ಪೆಂಡ್ ಆಗಿದ್ದೀಯ, ಅಪ್ಪನಿಗೆ ಏನೋ ಆಗಿ ನನ್ನಿಂದ ಮುಚ್ಚಿಡುತ್ತಿದ್ದೀಯ. ನನ್ನ ತಲೆ ನಿನಗೆ ಗೊತ್ತಲ್ಲ, ಖಾಲಿ ಬಿಟ್ಟರೆ ಸಾಕು, ಕೆಟ್ಟದ್ದನ್ನೇ ತಂದು ತುಂಬಿಕೊಳ್ಳುತ್ತದೆ.

ಸೋಮವಾರ ಕ್ಲಾಸಿನಲ್ಲಿ ನಿಜ ಗೊತ್ತಾಯಿತು. ಕಾಲೇಜಿನಲ್ಲಿ ನಮಗೆ ರೇಡಿಯೋ ಕಮ್ಯುನಿಕೇಷನ್ ಹೇಳಿಕೊಡುವವರನ್ನು ನಾವು ಸಿಗ್ನಲ್ ಸರ್ ಅನ್ನುತ್ತೇವೆ. ಒಳ್ಳೆಯವರು. ಅವತ್ತು ರೇಡಿಯೋದ ಮುಂದಿನ ಕಾಲದ ಬಗ್ಗೆ ಪಾಠ. ಡಿಜಿಟಲ್ ಬಂದರೆ ಒಂದೇ ಟ್ರಾನ್ಸ್‌ಮಿಟರಿನಲ್ಲಿ ನಾಲ್ಕು ಚಾನೆಲ್, ಕರೆಂಟು ಅರ್ಧ, ಗೊರಗೊರ ಇಲ್ಲ, ಸದ್ದು ಕನ್ನಡಿಯ ಹಾಗೆ. ಎಲ್ಲ ನಿಜ. ನನಗೂ ಆಸೆಯೇ ಆಯಿತು. ಆಮೇಲೆ ಬೋರ್ಡಿನ ಮೇಲೆ ಎರಡು ಗೆರೆ ಎಳೆದರು. ಹಳೆಯ ರೇಡಿಯೋ ದೂರ ಹೋದಂತೆ ನಿಧಾನವಾಗಿ ಸೊರಗುತ್ತದೆ, ಆ ಗೆರೆ ಇಳಿಜಾರು. ಡಿಜಿಟಲ್ ಕೊನೆಯವರೆಗೂ ಚೆನ್ನಾಗಿದ್ದು ಒಂದೇ ಸಲ ನಿಂತುಹೋಗುತ್ತದೆ, ಆ ಗೆರೆ ಗೋಡೆ. ನಾನು ಇಳಿಜಾರನ್ನೇ ನೋಡುತ್ತಾ ಕೂತೆ. ಮೀನು ಹಿಡಿಯಲು ಸಮುದ್ರಕ್ಕೆ ಹೋಗಿರುವ ಅಪ್ಪ ಇರುವುದು ಆ ಇಳಿಜಾರಿನ ತುದಿಯಲ್ಲಿ ಅನ್ನಿಸಿತು. ಹತ್ತು ಮಾತಿನಲ್ಲಿ ಆರು ಮುಳುಗಿ ನಾಲ್ಕು ಮಾತ್ರ ತೇಲಿಬರುವ ಕಡೆ. ಆ ನಾಲ್ಕರಲ್ಲಿ 'ಗಾಳಿ' ಅನ್ನುವುದೊಂದು ಇದ್ದರೂ ಸಾಕು, ಅಪ್ಪ ಬೋಟು ತಿರುಗಿಸುತ್ತಾರೆ.

ಕೊನೆಗೆ ಸರ್ ನಗುತ್ತಾ, "ಹಳೇ ಸ್ಟೇಷನ್ ಯಾರಿಗಾದ್ರೂ ಬೇಕಾ ಅಂತ ತಿಳ್ಕೊಳ್ಳೋಕೆ ಒಂದು ಸಿಂಪಲ್ ಮೆಥಡ್ ಇದೆ. ಯಾರಿಗೂ ಹೇಳ್ದೆ ಆಫ್ ಮಾಡ್ಬಿಡೋದು. ಯಾರು ಕಿರುಚ್ತಾರೆ ನೋಡೋದು. ಇಲ್ಲೇ ಕೋಸ್ಟಲ್ಲಿ ಒಂದು ಕಡೆ ಈ ವಾರ ನಡೀತಿದೆ. ಇದುವರೆಗೂ ಒಬ್ರೂ ಕಿರುಚಿಲ್ವಂತೆ" ಅಂದರು. ಕ್ಲಾಸೆಲ್ಲ ನಕ್ಕಿತು. ಹಿಂದಿನ ಬೆಂಚಿನವನೊಬ್ಬ, "ಸರ್, ನಮ್ ಕ್ಲಾಸಿಗೂ ಈ ಟೆಸ್ಟ್ ಮಾಡಿ ಸರ್, ಒಂದು ವಾರ ಆಫ್ ಮಾಡಿ, ಯಾರೂ ಕಿರುಚಲ್ಲ" ಅಂದ. ಸರ್ ಕೂಡ ನಕ್ಕರು. ನಾನೂ ನಕ್ಕೆ ಅಮ್ಮ. ಎಲ್ಲರೂ ನಗುವಾಗ ನಗದಿದ್ದರೆ ಗೊತ್ತಾಗಿಬಿಡುತ್ತದೆ ಅಂತ.

ನಾನು ಕೈ ಎತ್ತಿದೆ. ಕಿರುಚಬೇಕಾದವರು ಫೋನೇ ಸಿಗದಷ್ಟು ದೂರ ಸಮುದ್ರದಲ್ಲಿದ್ದಾರೆ ಸರ್, ಅಂತ ಹೇಳಬೇಕಿತ್ತು. "ಸರ್, ಬಟ್ ದ ಪೀಪಲ್ ಹೂ..." ಅಂದೆ, ಆಮೇಲೆ ಏನೂ ಬರಲಿಲ್ಲ. ಕ್ಲಾಸು ಮುಗಿದ ಮೇಲೆ ಕಾರಿಡಾರಿನಲ್ಲಿ ಓಡಿಹೋಗಿ ಕನ್ನಡದಲ್ಲೇ ಹೇಳಿದೆ. ಅವರು ನಿಂತು ಪೂರ್ತಿ ಕೇಳಿದರು. "ಗುಡ್ ಪಾಯಿಂಟ್ ಅಮ್ಮಾ. ಆದ್ರೆ ಸ್ಟೇಷನ್ ಇರ್ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋ ಕಮಿಟಿಯೋರು ನೋಡೋದು ಕಂಪ್ಲೇಂಟ್ ಮಾತ್ರ. ಕೇಳುಗರ ನಂಬರ್ ಇದೆ, ಯಾರಾದ್ರೂ ಮಾಡಿದ್ರೆ ಲೆಕ್ಕಕ್ಕೆ ಬರತ್ತೆ" ಅಂದರು. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ಅಂದ ಹಾಗೆ ಬೋಟಿನೋರು ಕೇಳೋ ಸ್ಟೇಷನ್ನೇ ಅಂತ ನಿಂಗೆ ಹೇಗೆ ಗೊತ್ತಾಯ್ತು? ನಾನು ಹೆಸರೇ ಹೇಳಲಿಲ್ವಲ್ಲ? ಇದು ಹೊರಗೆ ಹೋಗ್ಬಾರ್ದು ಅಂತ ಸ್ಟಾಫಿಗೆ ಸ್ಟ್ರಿಕ್ಟ್ ಆರ್ಡರ್ ಇದೆ" ಅಂದರು. ಸುಮ್ಮನೆ ಊಹೆ ಸರ್ ಅಂದೆ.

ಅಂದರೆ ನಿನಗೂ ಆರ್ಡರ್ ಇದೆ. ಅದಕ್ಕೇ ನನ್ನ ಹತ್ತಿರವೂ ಎಲ್ಲ ಎಂದಿನ ಹಾಗೇ ಅಂದೆ. ನನಗೆ ಸಿಟ್ಟಿಲ್ಲ. ನಿನ್ನ ಮೊಬೈಲು ಡ್ಯೂಟಿ ಹೊತ್ತಿನಲ್ಲಿ ಗೇಟಿನ ಪೆಟ್ಟಿಗೆಯಲ್ಲಿರುತ್ತದೆ, ಕ್ವಾರ್ಟರ್ಸಿನಲ್ಲಿ ಅದಕ್ಕೆ ಸಿಗ್ನಲ್ ಸಿಗುವುದಿಲ್ಲ, ಮನೆ ಫೋನನ್ನು ಸಾಹೇಬರ ರೂಮಿನಿಂದಲೂ ಎತ್ತಿ ಕೇಳಬಹುದು, ನೀನು ತಾನೆ ಏನು ಮಾಡುತ್ತೀ.

ಆದರೆ ಅವತ್ತು ಸಂಜೆ ಊಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಇನ್ನೊಂದು ಹೊಳೆಯಿತು. ಟ್ರಾನ್ಸ್‌ಮಿಟರ್ ಮಾತ್ರ ಆಫ್ ಆಗಿರುವುದು. ಸ್ಟುಡಿಯೋದವರು ಓದುತ್ತಲೇ ಇದ್ದಾರೆ, ಅದು ಕೇಬಲ್ಲಿನಲ್ಲಿ ನಿನ್ನ ಕಂಟ್ರೋಲ್ ರೂಮಿಗೆ ಬರುತ್ತಲೇ ಇದೆ, ನಿನ್ನ ಕಿವಿಯ ಹೆಡ್‌ಫೋನಿನಲ್ಲಿ ಕೇಳುತ್ತಲೇ ಇದೆ. ಸಂಜೆ ಹವಾಮಾನದ ವಾರ್ತೆ ಓದುವ ಹೆಂಗಸು ಅದನ್ನು ಸಮುದ್ರದಲ್ಲಿರುವವರಿಗೆ ಅಂತ ಹೇಳುತ್ತಾಳೆ. ಅದನ್ನು ಕೇಳುವುದು ನೀನೊಬ್ಬಳೇ. ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು, ಕೈಗೆ ಸಿಗುವಷ್ಟು ಹತ್ತಿರ ಸ್ವಿಚ್ ಇಟ್ಟುಕೊಂಡು. ತಟ್ಟೆ ವಾಪಸ್ ಇಟ್ಟು ರೂಮಿಗೆ ಬಂದುಬಿಟ್ಟೆ.

ಮಂಗಳವಾರದಿಂದ ಇಲ್ಲಿ ಗಾಳಿ ಎದ್ದಿದೆ. ಹಾಸ್ಟೆಲಿನ ಟೆರೇಸಿನಲ್ಲಿ ಒಣಹಾಕಿದ ಬಟ್ಟೆಗಳು ಪಕ್ಕದ ಬಿಲ್ಡಿಂಗಿಗೆ ಹೋಗಿ ಬೀಳುತ್ತಿವೆ. ಮೊಬೈಲಿನಲ್ಲಿ ನೋಡಿದರೆ ಸಮುದ್ರದ ಮೇಲೆ ಕೆಂಪು ಸುರುಳಿ ತಿರುಗುತ್ತಿದೆ. ನನಗೆ ಕಾಣಿಸುತ್ತದೆ, ಗಡಿಯಾರಕ್ಕೆ ಕಾಣಿಸುತ್ತದೆ, ಒಣನೆಲದ ಮೇಲಿರುವ ಎಲ್ಲರಿಗೂ ಕಾಣಿಸುತ್ತದೆ. ಆ ಸುರುಳಿಯ ಅಡಿಯಲ್ಲಿರುವವರಿಗೆ ಮಾತ್ರ ನೆಟ್‌ವರ್ಕ್ ಇಲ್ಲ. ಅಪ್ಪ ಎಂಜಿನ್ ನೋಡಿಕೊಳ್ಳುವ ಆ ಹಸಿರು ಬೋಟಿನ ವೈರ್‌ಲೆಸ್ ಸೆಟ್ಟು ಪಕ್ಕದ ಬೋಟಿನವರೆಗೆ ಕೇಳಿದರೆ ದೊಡ್ಡದು. ಮೀನಿಗೆ ಹಾಕುವ ಐಸು ಮುಗಿಯುವವರೆಗೂ ಅವರು ವಾಪಸ್ ಬರುವುದಿಲ್ಲ.

ನನಗೆ ಗಾಳಿಗಿಂತ ಹೆಚ್ಚು ಭಯ ಅಪ್ಪನ ನಂಬಿಕೆಯದು. ನಿನಗೆ ನೆನಪಿದೆಯಾ, ರೇಡಿಯೋ ಹಾಡದಿದ್ದರೆ ಅವರು ಏನು ಮಾಡುತ್ತಾರೆ ಅಂತ? ಮೊದಲು ಬೆನ್ನಿಗೆ ಎರಡು ಏಟು. ಆಮೇಲೆ ಸೆಲ್ ತೆಗೆದು ಪ್ಯಾಂಟಿಗೆ ಉಜ್ಜುವುದು. ಆಮೇಲೆ ಬಿಸಿಲಿಗಿಡುವುದು. ಸ್ಟೇಷನ್ನೇ ನಿಂತಿರಬಹುದಲ್ಲಪ್ಪ ಅಂತ ನಾನೊಮ್ಮೆ ಅಂದದ್ದಕ್ಕೆ, "ಸೆಟ್ ಕೆಡಬಹುದು, ಸೆಲ್ ಕೆಡಬಹುದು. ನಿಮ್ಮಮ್ಮ ಕೂತಿರೋ ಸ್ಟೇಷನ್ ಕೆಡಲ್ಲ ಕಣೇ ಗುಬ್ಬಿ" ಅಂದಿದ್ದರು. ಬೇರೆ ಬೋಟಿನವರಾದರೆ ಸ್ಟೇಷನ್ ಬಂದ್ ಆಗಿದೆ, ಏನೋ ಆಗಿದೆ, ದಡದ ಕಡೆ ಹೋಗೋಣ ಅಂತ ಅನುಮಾನಪಟ್ಟಾರು. ಅಪ್ಪ ಪಡುವುದಿಲ್ಲ. ಸೆಟ್ಟು ಸತ್ತಿದೆ ಅಂತ ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಲೆಯ ಕೆಳಗೆ ತುರುಕಿ, ಗಾಳಿ ಏನಾದರೂ ಇದ್ದಿದ್ದರೆ ನಮ್ಮವಳು ಹೇಳಿಸುತ್ತಿದ್ದಳು ಅಂತ ಇನ್ನೂ ಒಳಕ್ಕೆ ಹೋಗುತ್ತಾರೆ.

ಇನ್ನು ಮುಂದಿನದು ಬರೆಯುವುದೇ ಕಷ್ಟ. ನಿನ್ನೆ ಮಧ್ಯಾಹ್ನ ಕೇಳುಗರ ನಂಬರಿಗೆ ಫೋನ್ ಮಾಡಿದವಳು ನಾನು.

ಅದು ಊರಿನ ಯಾವುದೋ ಆಫೀಸಿನಲ್ಲಿ ರಿಂಗ್ ಆಗುತ್ತದೆ ಅಂತ ನಾನು ತಿಳಿದಿದ್ದೆ. ನನ್ನ ಹೆಸರು ಹೇಳಿದರೆ ನೀನೇ ಗುಟ್ಟು ಬಿಟ್ಟುಕೊಟ್ಟೆ ಅಂತ ನಿನ್ನ ಕುತ್ತಿಗೆಗೆ ಬರುತ್ತದೆ. ಅದಕ್ಕೆ ಬೋಟಿನವರ ಹೆಂಡತಿಯ ಹಾಗೆ ಮಾತಾಡುವುದು ಅಂತ ಗಡಿಯಾರವೇ ಐಡಿಯಾ ಕೊಟ್ಟಳು. ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು ದಪ್ಪ ದನಿಯಲ್ಲಿ, "ಯಾರ್ರೀ ಅದು, ರೇಡಿಯೋದೋರಾ?" ಅಂದೆ. ಆ ಕಡೆಯಿಂದ, "ಹೌದಮ್ಮ, ಹೇಳಿ" ಅಂತ ನಿನ್ನ ದನಿ.

ಅಲ್ಲೇ ಫೋನಿಟ್ಟುಬಿಡಬೇಕಿತ್ತು. ಇಡಲಾಗಲಿಲ್ಲ. ಭಾನುವಾರದ ಹಾಗೇ ನಿನ್ನ ದನಿ ಅಷ್ಟು ಸ್ವಚ್ಛವಾಗಿ, ಕಿವಿಯ ಪಕ್ಕದಲ್ಲೇ ಇದ್ದ ಹಾಗೆ ಕೇಳುತ್ತಿತ್ತು. ನೀನು ಅಪರಿಚಿತಳನ್ನು ಕೇಳುವ ಹಾಗೆ ಎಲ್ಲ ಕೇಳಿದೆ. "ಏನ್ ತೊಂದ್ರೆ ಹೇಳಿ." "ಸ್ಟೇಷನ್ ಬರ್ತಿಲ್ಲ. ನಮ್ಮೆಜಮಾನ್ರು ಸಮುದ್ರದಲ್ಲಿದಾರೆ." "ಯಾವ ಬೋಟು?" "ಹಸಿರು ಬೋಟು. ಮೂತಿ ಹತ್ರ ತಗಡಿನ ತೇಪೆ ಇದೆ. ಅವ್ರು ಎಂಜಿನ್ ನೋಡ್ಕೊಳ್ತಾರೆ." ನೀನು ಆಮೇಲೆ ರೂಲ್ಸಿನಲ್ಲಿರುವ ಹಾಗೆ, "ಸೆಟ್ಟಿನ ಸೆಲ್ ಸರಿಯಾಗಿದ್ಯಾ ನೋಡಿದೀರಾ?" ಅಂದೆ. ನಾನು ಅವಸರದಲ್ಲಿ, "ಹೊಸದೇ ಇರತ್ತೆ, ಅವ್ರ ಹೆಂಡ್ತೀನೇ ಹಾಕಿ ಕಳಿಸಿರ್ತಾರೆ" ಅಂದುಬಿಟ್ಟೆ.

ಅವರ ಹೆಂಡತಿ ನಾನೇ ಆಗಿದ್ದೆ ಅನ್ನುವುದು ಹೇಳಿದ ಮೇಲೆ ನೆನಪಾಯಿತು. ಗಡಿಯಾರ ಹಣೆ ಹಣೆ ಚಚ್ಚಿಕೊಂಡಳು.

ನೀನು ನಗಲಿಲ್ಲ. "ಬರ್ಕೊಂಡೆ" ಅಂದೆ. ಆಮೇಲೆ ಇನ್ನೂ ಅದೇ ಆಫೀಸಿನ ದನಿಯಲ್ಲಿ, "ಗಂಟ್ಲು ಕಟ್ಟಿರೋ ಹಾಗಿದೆ ನಿಮ್ಗೆ. ಬಿಸಿನೀರು ಕುಡೀರಿ. ಗಾಳೀಲಿ ಓಡಾಡ್ಬೇಡಿ" ಅಂತ ಹೇಳಿ ಫೋನಿಟ್ಟೆ. ನಾನು ಟವೆಲಿನಲ್ಲೇ ಮುಖ ಮುಚ್ಚಿಕೊಂಡು ಕೂತೆ.

ನಿನ್ನೆ ಸಂಜೆ ವಾರ್ತೆಯ ಹೊತ್ತಿಗೆ ಟ್ರಾನ್ಸಿಸ್ಟರ್ ಹಾಕಿ ಕಾದೆ. ಶೋ ಅಂತಲೇ ಇತ್ತು.

ಒಂದು ಕಂಪ್ಲೇಂಟಿನಿಂದ ಏನೂ ಆಗುವುದಿಲ್ಲ ಅಂತ ಗೊತ್ತು. ಕಮಿಟಿ ಕೂರಬೇಕು, ಯಾರೋ ಸಹಿ ಹಾಕಬೇಕು. ಅಷ್ಟರಲ್ಲಿ ಆ ಸುರುಳಿ ಎಲ್ಲಿರುತ್ತದೋ. ಸ್ವಿಚ್ ಹಾಕು ಅಂತ ನಾನು ನಿನಗೆ ಹೇಳುವುದಿಲ್ಲ ಅಮ್ಮ. ಹಾಕಿದರೆ ನಿನ್ನ ಕೆಲಸ ಹೋಗುತ್ತದೆ, ಕ್ವಾರ್ಟರ್ಸ್ ಹೋಗುತ್ತದೆ, ನನ್ನ ಓದೂ ಅಷ್ಟೇ. ಹಾಕಬೇಡ ಅಂತಲೂ ಬರೆಯಲಾರೆ. ಹೇಗೂ ಈ ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ, ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ನೀನು ಏನು ಮಾಡಿರುತ್ತೀಯೋ, ಏನು ಮಾಡಿರುವುದಿಲ್ಲವೋ, ಯಾವುದಕ್ಕೂ ನಾನು ನಿನ್ನನ್ನು ಪ್ರಶ್ನೆ ಕೇಳುವುದಿಲ್ಲ. ಅಷ್ಟು ಮಾತ್ರ ಹೇಳಬೇಕಿತ್ತು.

ಓದಿದ ಮೇಲೆ ಇದನ್ನು ಒಲೆಗೆ ಹಾಕು. ಬಿಸಿನೀರು ಕುಡಿಯುತ್ತಿದ್ದೇನೆ.

ಬಿಡುತ್ತೇನೆ ಅಂದಿದ್ದ ಸಾಲು ಇದು:

. . . . . . . . . . . .

ಇಂತಿ ನಿನ್ನ ಮಗಳು,
ಗುಬ್ಬಿ

ಮರೆತದ್ದು:

ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಈಗ ಸಂಜೆ. ಮೆಸ್ಸಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಗಾಳಿಗೆ ಕಾಗದ ನಿಲ್ಲುತ್ತಿಲ್ಲ ಅಂತ.

ವಾರ್ತೆಯ ಹೊತ್ತಿಗೆ ಸ್ವಲ್ಪ ಮುಂಚೆ ಶೋ ಅನ್ನುತ್ತಿದ್ದದ್ದು ಗಪ್ ಅಂತ ನಿಂತಿತು. ಕಿವಿಗೆ ಒತ್ತಿ ಹಿಡಿದೆ. ಕೂ, ಕೂ. ಆಮೇಲೆ ಆ ಹೆಂಗಸು ಸಮುದ್ರದಲ್ಲಿರುವವರಿಗೆ ಅಂತ ಶುರು ಮಾಡಿದಳು.

ಗಡಿಯಾರ ಬೇಡ ಬೇಡ ಅಂದರೂ ಕೇಳದೆ ಟವೆಲ್ ಹಿಡಿದು ಅದೇ ನಂಬರಿಗೆ ಮತ್ತೆ ಫೋನ್ ಮಾಡಿದೆ. "ಸ್ಟೇಷನ್ ಶುರುವಾಯ್ತೇನ್ರೀ?" ಅಂದೆ. ನೀನು ಗಟ್ಟಿಯಾಗಿ, ಪಕ್ಕದ ರೂಮಿಗೂ ಕೇಳಲಿ ಅನ್ನುವ ಹಾಗೆ, "ಇಲ್ಲಮ್ಮ, ಆರ್ಡರ್ ಪ್ರಕಾರ ಬಂದ್ ಆಗೇ ಇದೆ" ಅಂದೆ. ನಿನ್ನ ಹಿಂದೆ, ಸಣ್ಣ ದನಿಯಲ್ಲಿ, ತಕ್ಷಣ ದಡಕ್ಕೆ ಮರಳಿ ಅಂತ ಅವಳು ಎರಡನೇ ಸಲ ಹೇಳುತ್ತಿದ್ದಳು.

ಅಪ್ಪ ಸೆಟ್ಟನ್ನು ಗೋಣಿಯಿಂದ ಹೊರಗೆ ತೆಗೆದು, ಬೆನ್ನಿಗೆ ಇನ್ನೊಂದೇ ಒಂದು ಏಟು ಕೊಟ್ಟು ನೋಡಿರುತ್ತಾರಾ ಅಮ್ಮ?

ಮೇಲೆ ಬಿಟ್ಟ ಸಾಲು ಹಾಗೇ ಖಾಲಿ ಇರಲಿ. ಒಲೆಗೆ ಹಾಕು ಅಂದದ್ದನ್ನೂ ಮರೆತುಬಿಡು. ಅಪ್ಪ ಬಂದ ದಿನ ಆ ಸಾಲನ್ನು ಅವರ ಕೈಯಲ್ಲೇ ಬರೆಸಿ ನನಗೆ ವಾಪಸ್ ಕಳಿಸು.